ಬೆಳಗೊಳದ ಒಡಂಬಡಿಕೆಯ ಕಲ್ಲು

ಕಳೆದ ವರ್ಷ ನಮ್ಮ ಕಾಲೇಜಿನ ಇತಿಹಾಸ ಸಂಘದವರು ಶ್ರವಣಬೆಳಗೊಳಕ್ಕೆ ಪ್ರವಾಸ ಹೋಗಿದ್ದುದು ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಬೆಟ್ಟವನ್ನು ಹತ್ತಿ, ಗೊಮ್ಮಟೇಶ್ವರನನ್ನು ಕಣ್ತುಂಬ ನೋಡಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಕುಣಿಯುತ್ತ ಇಳಿದು ಬಂದ ಮೇಲೆ ಗೆಳೆಯರೆಲ್ಲರೂ ಎಳನೀರಿನ ಅಂಗಡಿಯ ಕಡೆಗೆ ಧಾವಿಸಿದರು. ನಮ್ಮ ಅಧ್ಯಾಪಕರು ಮಾತ್ರ ಕೈಗೆ ಸಿಕ್ಕ ನಾಲ್ಕೈದು ಮಂದಿಯನ್ನು ತಡೆದು ಊರೊಳಗಿನ ಭಂಡಾರಿ ಬಸದಿಯ ಕಡೆಗೆ ಕರೆದುಕೊಂಡು ಹೋದರು. ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ. ಮನಸ್ಸಿಲ್ಲದೆ ಹೋದೆನೆಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುವುದೇ ಮೇಲು. ಅವರು ನಮಗೆ ತೋರಿಸಿದುದು ಒಂದು ಶಾಸನದ ಕಲ್ಲು. ಅಂದಿನಿಂದ ಆ ಕಲ್ಲು ನನ್ನ ತಲೆಯಿಂದ ಇಳಿದಿಲ್ಲ.

ಸಂಸ್ಕೃತಿ, ಧರ್ಮ, ಅಧಿಕಾರ ಎಂಬ ಮೂರು ಮಾತುಗಳನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾವು ಎಷ್ಟು ಸಲ ಬರೆದಿಲ್ಲ! ಇವು ಸಮಾಜದ ಮೌಲ್ಯಗಳನ್ನು ರೂಪಿಸುತ್ತವೆ ಎಂದು ಬರೆದರೆ ಅಂಕಗಳು ಬರುತ್ತವೆ. ಹೇಗೆ ರೂಪಿಸುತ್ತವೆ, ಒಬ್ಬ ಮನುಷ್ಯ ಇನ್ನೊಬ್ಬನ ಎದುರಿಗೆ ನಿಂತಾಗ ಆ ರೂಪ ಎಲ್ಲಿ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ಮಾತ್ರ ನಾವು ತಡವರಿಸುತ್ತೇವೆ. ನನಗೆ ಅದು ಸ್ವಲ್ಪಮಟ್ಟಿಗೆ ತಿಳಿದದ್ದು ಆ ಕಲ್ಲಿನಿಂದ. ಅದರಲ್ಲಿ ತತ್ತ್ವವಿಚಾರ ಬಹಳವಿಲ್ಲ. ಒಂದು ಜಗಳ, ಅದರ ತೀರ್ಮಾನ, ಆ ತೀರ್ಮಾನಕ್ಕೆ ತಗಲುವ ವೆಚ್ಚ, ಇಷ್ಟೇ ಅದರ ವಸ್ತು.

ಶಾಸನದ ಕಾಲ ಶಕವರ್ಷ 1290, ಎಂದರೆ ಕ್ರಿ.ಶ. 1368. ವಿಜಯನಗರದಲ್ಲಿ ಮೊದಲನೆಯ ಬುಕ್ಕರಾಯನು ಆಳುತ್ತಿದ್ದ ಕಾಲ. ಜೈನರಿಗೂ ಭಕ್ತರಿಗೂ ವಿವಾದ ಹುಟ್ಟಿತು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಲ್ಲ ನಾಡುಗಳ ಜೈನರು ಸೇರಿ, ಭಕ್ತರಿಂದ ತಮಗೆ ಆಗುತ್ತಿರುವ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಕಲ್ಲೆಹವೆಂಬುದು ಇಂದಿನ ಮಾಗಡಿಯ ಬಳಿಯ ಕಲ್ಯ. ಅಲ್ಲಿಯೂ ಇದೇ ತೀರ್ಪಿನ ಶಾಸನವಿದೆ. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಯಿಸಿದನು. ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿ ಇರಿಸಿದನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು. ಜೈನ ದರ್ಶನಕ್ಕೆ ಹಿಂದಿನಂತೆಯೇ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕವು. ಅದಕ್ಕೆ ಹಾನಿಯಾದರೆ ವೈಷ್ಣವರು ತಮಗೇ ಹಾನಿಯಾಯಿತೆಂದು ಬಗೆಯತಕ್ಕದ್ದು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸತಕ್ಕದ್ದು ಎಂದು ಕಟ್ಟಳೆಯಾಯಿತು. ಮಾತಿಗೆ ತಪ್ಪುವ ರಾಯರ ಗಂಡನೆಂಬುದು ಈ ಅರಸರ ಬಿರುದುಗಳಲ್ಲಿ ಒಂದು. ಮಾತಿಗೆ ಎಷ್ಟು ಬೆಲೆಯಿತ್ತೋ, ತಪ್ಪುವವರೂ ಅಷ್ಟೇ ಮಂದಿ ಇದ್ದಿರಬೇಕು.

ಇಲ್ಲಿಗೆ ನಿಲ್ಲಿಸಿ, ನಮ್ಮ ನಾಡಿನ ಸಹನೆ ಎಷ್ಟು ದೊಡ್ಡದು ಎಂದು ಹೊಗಳಿ ಲೇಖನವನ್ನು ಮುಗಿಸಬಹುದು. ಅನೇಕರು ಹಾಗೆ ಮುಗಿಸಿದ್ದಾರೆ. ಆ ಹೊಗಳಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕಲ್ಲಿನ ಮುಂದಿನ ಸಾಲುಗಳನ್ನು ಓದದೆ ಹೊಗಳುವುದು ನ್ಯಾಯವಲ್ಲ.

ಮೊದಲು ವಾದ್ಯದ ಮಾತು. ಒಂದು ಮತದವರು ಅರಸನವರೆಗೆ ದೂರನ್ನು ಒಯ್ದರೆ ಅದು ಆತ್ಮ, ಕರ್ಮ, ಮೋಕ್ಷಗಳ ವಿಚಾರವಾಗಿರಬೇಕೆಂದು ನಾವು ಊಹಿಸುತ್ತೇವೆ. ತೀರ್ಪಿನಲ್ಲಿ ಎದ್ದು ಕಾಣುವುದು ವಾದ್ಯ ಮತ್ತು ಕಲಶ. ಇದೇಕೆ? ನಮ್ಮ ಹಳೆಯ ಶಾಸನಗಳನ್ನು ತಿರುವಿ ನೋಡಿದವರಿಗೆ ಸಮಧಿಗತ ಪಂಚಮಹಾಶಬ್ದ ಎಂಬ ಬಿರುದು ಪರಿಚಿತವೇ ಸರಿ. ಸಾಮಂತನಾದವನು ತನ್ನ ಒಡೆಯನಿಂದ ಐದು ಮಹಾವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕನ್ನು ಪಡೆದಿದ್ದಾನೆ ಎಂದು ಅದರ ಅರ್ಥ. ನಾದವೆಂಬುದು ಇಲ್ಲಿ ಕೇವಲ ಕಿವಿಗೆ ಇಂಪಾದ ವಸ್ತುವಲ್ಲ. ಅದು ಕೊಡುವವನಿಂದ ಬರತಕ್ಕ ಮರ್ಯಾದೆ, ಕೊಡದಿದ್ದರೆ ಇಲ್ಲವಾಗತಕ್ಕ ಮರ್ಯಾದೆ. ಬೀದಿಯಲ್ಲಿ ಯಾರ ವಾದ್ಯ ನುಡಿಯುತ್ತದೆಯೋ ಆ ಬೀದಿಯಲ್ಲಿ ಅವರಿಗೆ ತಲೆಯೆತ್ತಿ ನಡೆಯುವ ಅಧಿಕಾರವಿದೆ ಎಂದು ನೋಡುವವರೆಲ್ಲರಿಗೂ ತಿಳಿಯುತ್ತಿತ್ತು. ಇದನ್ನು ಯಾವ ಧರ್ಮಗ್ರಂಥವೂ ಕಲಿಸಬೇಕಾಗಿರಲಿಲ್ಲ. ಜನರ ನಡೆವಳಿಕೆಯೇ ಕಲಿಸಿತ್ತು. ಸಂಸ್ಕೃತಿಯ ಕೆಲಸವೆಂದು ನಾನು ಕರೆಯುವುದು ಇದನ್ನೇ. ಯಾವುದು ಗೌರವ, ಯಾವುದು ಅವಮಾನ ಎಂಬುದನ್ನು ಅದು ಮೊದಲೇ ಗೊತ್ತುಮಾಡಿ ಇಟ್ಟಿರುತ್ತದೆ. ನಾವು ಹುಟ್ಟಿ, ನಡೆಯಲು ಕಲಿಯುವ ಹೊತ್ತಿಗೆ ನಮ್ಮ ಕಿವಿ ಅದಕ್ಕೆ ಪಳಗಿರುತ್ತದೆ.

ಆ ಐದು ವಾದ್ಯಗಳು ಯಾವುವು ಎಂದು ಕುತೂಹಲಕ್ಕಾಗಿ ಕೇಳಿದೆ. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯಲ್ಲಿ ಕೊಟ್ಟಿರುವ ಪಟ್ಟಿಯನ್ನು ಅಧ್ಯಾಪಕರು ಹೇಳಿದರು: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ತಮ್ಮಟ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ತಲೆಯೆತ್ತಿದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ವೆಚ್ಚದ ಮಾತು. ರಾಜ್ಯದಲ್ಲಿರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಕಾವಲಾಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸೊದೆ ಬಳಿಯಿಸಬೇಕು. ಸೊದೆಯೆಂದರೆ ಸುಣ್ಣದ ಗಾರೆ. ಈ ವಿವರಗಳನ್ನು ಓದಿದಾಗ ನನಗೆ ಮೊದಲು ಉಂಟಾದುದು ಮೆಚ್ಚುಗೆ. ಭೇದವಿಲ್ಲವೆಂದು ಸಾರಿ ಸುಮ್ಮನಾಗದೆ, ಆ ಮಾತನ್ನು ಕಾಯುವುದಕ್ಕೆ ಎಷ್ಟು ಆಳು ಬೇಕು, ಕೂಲಿ ಎಲ್ಲಿಂದ ಬರಬೇಕು, ಗೋಡೆಗೆ ಸುಣ್ಣ ಯಾರು ಹಚ್ಚಬೇಕು ಎಂದು ಲೆಕ್ಕ ಹಾಕಿದ್ದಾರೆ. ಸಹನೆಯೆಂಬ ಗುಣ ಎದೆಯೊಳಗೆ ತಾನಾಗಿ ಅರಳುವ ಹೂವಲ್ಲ. ಅದಕ್ಕೆ ಕಾವಲು ಬೇಕು, ಸುಣ್ಣ ಬೇಕು ಎಂದು ಬಲ್ಲ ಜನ ಅವರು. ಎರಡನೆಯ ಸಲ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿದ್ದಿತು. ದೂರು ಕೊಟ್ಟವರು ಜೈನರು, ಅನ್ಯಾಯಕ್ಕೆ ಒಳಗಾದವರು ಜೈನರು. ಹಣವನ್ನು ಕೊಡಬೇಕಾದವರೂ ಅವರೇ. ಕಾವಲನ್ನು ನೇಮಿಸುವ ಅಧಿಕಾರ ಮಾತ್ರ ಎದುರು ಪಕ್ಷದ ಹಿರಿಯನಿಗೆ. ಕೈಗಳು ಸೇರಿದವು, ನಿಜ. ಆದರೆ ಯಾವ ಕೈ ಮೇಲೆ ಇತ್ತು, ಯಾವ ಕೈ ಕೆಳಗಿತ್ತು?

ಶಾಸನದ ಮೊದಲ ಶ್ಲೋಕ ಇದಕ್ಕೆ ಉತ್ತರವನ್ನು ಕೊಡುವಂತಿದೆ. ಜೈನರ ಹಕ್ಕನ್ನು ಕಾಯುವ ಈ ಶಾಸನ, ಜೈನ ಬಸದಿಯ ಬಳಿಯಲ್ಲೇ ನಿಂತಿರುವ ಈ ಕಲ್ಲು, ರಾಮಾನುಜಾಚಾರ್ಯರ ಸ್ತುತಿಯಿಂದ ಆರಂಭವಾಗುತ್ತದೆ. ಪಾಷಂಡರೆಂಬ ಕಡಲಿಗೆ ಅವರು ಬಡಬಾಗ್ನಿ ಎಂದು ಅದರ ಭಾವ. ಪಾಷಂಡರೆಂದರೆ ವೇದವನ್ನು ಒಪ್ಪದವರು. ಜೈನರೂ ಆ ಗುಂಪಿಗೇ ಸೇರಿದವರೆಂದು ಅಂದಿನ ವೈದಿಕರ ಎಣಿಕೆ. ಸಮಾಧಾನದ ಪತ್ರದ ತಲೆಯ ಮೇಲೆಯೇ ಇಂಥ ಮಾತನ್ನು ಕೆತ್ತಿಸಿದವರಿಗೆ ಅದು ವಿಚಿತ್ರವೆನಿಸಿರಲಾರದು. ಅದು ಅವರಿಗೆ ವಾಡಿಕೆಯ ಮಂಗಳಶ್ಲೋಕ. ಅಧಿಕಾರ ಯಾರ ಕಡೆಗಿದೆಯೋ ಅವರ ವಾಡಿಕೆಯೇ ಎಲ್ಲರ ಪೀಠಿಕೆಯಾಗಿಬಿಡುತ್ತದೆ. ಅವರಿಗೆ ಅದು ಕಾಣುವುದೂ ಇಲ್ಲ.

ಹಾಗೆಂದು ಒಂದು ಪಕ್ಷ ಸದಾ ದುರ್ಬಲವಾಗಿತ್ತೆಂದು ತಿಳಿಯಬಾರದು. ಇನ್ನೂರು ವರ್ಷಗಳ ಹಿಂದೆ ಅದೇ ಬೆಳಗೊಳದಲ್ಲಿ ರಾಜ್ಯಾಧಿಕಾರ ಜೈನರ ಬೆನ್ನಿಗಿತ್ತು. ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ. ಅದಕ್ಕೂ ಹಿಂದೆ ವಿಷ್ಣುವರ್ಧನನು ಬೇಲೂರಿನಲ್ಲಿ ವಿಷ್ಣುವಿಗೆ ದೇಗುಲವೆತ್ತಿಸಿದ್ದರೆ, ಅವನ ರಾಣಿ ಶಾಂತಲೆ 1123ರಲ್ಲಿ ಇಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಒಂದೇ ಅರಮನೆಯಲ್ಲಿ ಎರಡು ದರ್ಶನಗಳು ಊಟಮಾಡುತ್ತಿದ್ದವು. ಬುಕ್ಕರಾಯನ ತೀರ್ಪಿನ ತರುವಾಯವೂ ಜೈನರು ರಾಜ್ಯದಲ್ಲಿ ಮೇಲಿನ ಪದವಿಗಳಲ್ಲಿದ್ದರು. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ರಾಜಧಾನಿಯಲ್ಲಿಯೇ ಕುಂಥುಜಿನನಾಥನ ಬಸದಿಯನ್ನು ಕಟ್ಟಿಸಿದ. ಹಂಪೆಗೆ ಹೋದವರು ಅದನ್ನು ಗಾಣಗಿತ್ತಿ ಗುಡಿಯೆಂಬ ಹೆಸರಿನಲ್ಲಿ ನೋಡಿರುತ್ತಾರೆ. ಬುಕ್ಕನಿಗೆ ಉತ್ತರದಲ್ಲಿ 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯದೊಡನೆ ಕದನವಿತ್ತು. ದಕ್ಷಿಣದಲ್ಲಿ ರಾಜ್ಯ ಇನ್ನೂ ಹರಡುತ್ತಿತ್ತು. ಊರೂರಿನ ವರ್ತಕರೂ ಊರೂರಿನ ಆಚಾರ್ಯರೂ ಬೀದಿಯಲ್ಲಿ ಬಡಿದಾಡುವುದು ಅವನಿಗೆ ಬೇಕಾಗಿರಲಿಲ್ಲ. ಈ ವಿಷಯದಲ್ಲಿ ಮುಂದಾಳಾಗಿ ಓಡಾಡಿದವನು ಕಲ್ಲೆಹದ ಬುಸುವಿ ಸೆಟ್ಟಿ. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದು ಶಾಸನವೇ ಹೇಳುತ್ತದೆ. ಅರಸನ ಹೃದಯ ದೊಡ್ಡದಾಗಿತ್ತೋ, ಅಗತ್ಯ ದೊಡ್ಡದಾಗಿತ್ತೋ ಎಂದು ಕೇಳಿದರೆ ಎರಡೂ ಇದ್ದಿರಬಹುದು. ಅಗತ್ಯದಿಂದ ಹುಟ್ಟಿದ ಒಳ್ಳೆಯ ಕೆಲಸವನ್ನು ಹೀನವೆಂದು ನಾನು ಎಣಿಸುವುದಿಲ್ಲ.

ಧರ್ಮದ ಪಾತ್ರವೇನು? ಕಲ್ಲಿನ ಕೊನೆಯಲ್ಲಿ ಅದು ಬರುತ್ತದೆ. ಈ ಕಟ್ಟಳೆಯನ್ನು ಮುರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ. ಇಷ್ಟೇ ಸಾಲದೆಂದು, ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಅವನು ಹೋಗುವನೆಂಬ ಶಾಪವನ್ನೂ ಸೇರಿಸಿದ್ದಾರೆ. ಅರಸನ ಆಳುಗಳು ಎಲ್ಲ ಹಳ್ಳಿಗಳಲ್ಲಿ ಎಲ್ಲ ರಾತ್ರಿಗಳಲ್ಲಿ ಇರಲಾರರು. ಪಾಪದ ಭಯ ಇರಬಲ್ಲುದು. ಅಧಿಕಾರದ ಕೈ ಎಟುಕದ ಕಡೆಗೆ ಧರ್ಮದ ಕೈ ಎಟುಕುತ್ತದೆ. ಅದೇ ಕೈ ಬೇರೆ ಕಡೆಗಳಲ್ಲಿ ಬಾಗಿಲನ್ನು ಮುಚ್ಚಿದ್ದೂ ಉಂಟು. ಒಡಂಬಡಿಕೆಗೆ ಒಪ್ಪಿದ ವೈಷ್ಣವ ಪಕ್ಷದ ಪಟ್ಟಿಯಲ್ಲಿ ಆಚಾರ್ಯರ ಹೆಸರಿನ ಜೊತೆಗೆ ತಿರುಕುಲ, ಜಾಂಬವಕುಲ ಎಂಬ ಹೆಸರುಗಳೂ ಇವೆ. ಇವು ಊರ ಹೊರಗಿನ ಕೇರಿಗಳಲ್ಲಿ ಇರಿಸಲ್ಪಟ್ಟಿದ್ದ ಎರಡು ದೊಡ್ಡ ಸಮುದಾಯಗಳು. ರಾಮಾನುಜರು ಅವರಿಗೆ ತಿರುಕುಲವೆಂಬ ಹೆಸರನ್ನಿತ್ತು ಮೇಲುಕೋಟೆಯ ಗುಡಿಗೆ ಪ್ರವೇಶ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಪವಿತ್ರಕುಲವೆಂದು ಕರೆದದ್ದು ದೊಡ್ಡ ಮಾತು. ಆ ಪ್ರವೇಶ ವರ್ಷದಲ್ಲಿ ಕೆಲವೇ ದಿನಗಳಿಗೆ ನಿಂತುಹೋಯಿತೆಂಬುದು ಇನ್ನೊಂದು ಮಾತು. ಹೆಸರನ್ನು ಧರ್ಮ ಕೊಟ್ಟಿತು. ಉಳಿದ ದಿನಗಳನ್ನು ರೂಢಿ ಇಟ್ಟುಕೊಂಡಿತು.

ಇದಕ್ಕೆ ಎದುರಾದ ನಿದರ್ಶನ ಕಲ್ಯಾಣದ್ದು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ನೆರೆದ ಶರಣರು ಕುಲದ ಎಣಿಕೆಯನ್ನೇ ಬದಿಗೊತ್ತಿದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾದಾಗ ಆ ಇಬ್ಬರು ತಂದೆಯರಿಗೆ ಮರಣದಂಡನೆಯಾಯಿತೆಂದು ಶರಣ ಸಂಪ್ರದಾಯ ಹೇಳುತ್ತದೆ. ಅಲ್ಲಿ ಕೈಗಳನ್ನು ಅರಸನು ಸೇರಿಸಲಿಲ್ಲ. ಅವು ತಾವಾಗಿ ಸೇರಿದುದೇ ಅಪರಾಧವಾಯಿತು. ಇದನ್ನು ನಮ್ಮ ಸಹಪಾಠಿಗಳು ನಾಟಕಗಳಲ್ಲಿ ನೋಡಿ ಬಲ್ಲರಾದುದರಿಂದ ಹೆಚ್ಚು ಬರೆಯುವುದಿಲ್ಲ.

ಈಗ ತಮಟೆಯ ವಿಷಯಕ್ಕೆ ಬರುತ್ತೇನೆ. ನಮ್ಮೂರ ಜಾತ್ರೆಯಲ್ಲಿ ಊರಮ್ಮನ ಮುಂದೆ ತಮಟೆ ಬಡಿಯುವವರು ಕೆಳಗಿನ ಕೇರಿಯವರು. ಆ ತಮಟೆಯಿಲ್ಲದೆ ತಾಯಿ ಗುಡಿಯಿಂದ ಹೊರಡುವುದಿಲ್ಲವೆಂಬುದು ಪದ್ಧತಿ. ಆದರೆ ಕೇರಿಯವರ ಮಾರಮ್ಮನ ಮೆರವಣಿಗೆ ಮಾತ್ರ ಮೇಲಿನ ಬೀದಿಗೆ ಬರುತ್ತಿರಲಿಲ್ಲ. ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದ ವರ್ಷ ಕೇರಿಯ ಹುಡುಗರು, ನಮ್ಮ ತಾಯಿಯೂ ಆ ಬೀದಿಯಲ್ಲಿ ಬರಲಿ ಎಂದು ಕೇಳಿದರು. ಊರು ಎರಡಾಯಿತು. ಅಧಿಕಾರಿಗಳು ಬಂದರು, ಶಾಂತಿಸಭೆ ನಡೆಯಿತು, ಎರಡೂ ಕಡೆಯ ಹಿರಿಯರು ಕೈ ಕುಲುಕಿದ ಭಾವಚಿತ್ರವನ್ನು ತೆಗೆದರು. ಮೆರವಣಿಗೆ ಬರಬಹುದು, ಅರಳಿಕಟ್ಟೆಯಿಂದ ಗುಡಿಯ ತನಕ ತಮಟೆ ಬಡಿಯಕೂಡದು, ಗಲಭೆಯಾದರೆ ತಾವೇ ಹೊಣೆಯೆಂದು ಕೇರಿಯ ಮುಖಂಡರು ಮುಚ್ಚಳಿಕೆ ಬರೆದುಕೊಡಬೇಕು. ಇದೇ ತೀರ್ಮಾನ. ನನ್ನ ತಂದೆಯವರೂ ಅದಕ್ಕೆ ಸಹಿ ಹಾಕಿದರು; ಮನೆಗೆ ಬಂದು, ಯಾರಿಗೂ ನೋವಾಗದಂತೆ ಮುಗಿಯಿತು ಎಂದರು. ಅವರು ಕೆಟ್ಟವರಲ್ಲ. ನನ್ನ ಅಜ್ಜಿಯಂತೂ ಹಸಿದು ಬಂದವರನ್ನು ಹಾಗೆಯೇ ಕಳುಹಿಸಿದವಳಲ್ಲ. ಅವಳೂ ಅಂದು ಹೇಳಿದ್ದು, "ಅವರು ಬರಬಾರ್ದು ಅಂತಲ್ಲ ಮಗ, ಪದ್ಧತಿ ಇಲ್ವಲ್ಲ" ಎಂದೇ.

ಮೆರವಣಿಗೆ ಬಂದಿತು. ತಮಟೆ ಹಿಡಿದವರಲ್ಲಿ ಒಬ್ಬ ನನ್ನ ತರಗತಿಯವನು, ನನ್ನ ಬೆಂಚಿನವನು. ಅರಳಿಕಟ್ಟೆ ಬಂದೊಡನೆ ಅವನು ತಮಟೆಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಚರ್ಮದ ಮೇಲೆ ಅಂಗೈಯಿಟ್ಟು ನಮ್ಮ ಮನೆಯ ಮುಂದೆ ನಡೆದು ಹೋದ. ನಾನು ಜಗುಲಿಯ ಮೇಲೆ ನಿಂತಿದ್ದೆ. ಅಷ್ಟು ಜನ ನಡೆಯುತ್ತಿದ್ದರೂ ಬೀದಿಯಲ್ಲಿ ಕಾಲಿನ ಸಪ್ಪಳವೊಂದೇ ಕೇಳಿಸುತ್ತಿತ್ತು. ಅವನು ನನ್ನನ್ನು ನೋಡಿದನೋ ಇಲ್ಲವೋ ತಿಳಿಯದು. ಮಾರನೆಯ ದಿನದಿಂದ ಬೇರೆ ಬೆಂಚಿನಲ್ಲಿ ಕುಳಿತ.

ಅಂದು ನನಗೆ ಏನೋ ತಪ್ಪಾಗಿದೆಯೆಂದು ಅನಿಸಿತಾದರೂ ಅದಕ್ಕೆ ಮಾತು ಸಿಕ್ಕಿರಲಿಲ್ಲ. ಸಿಕ್ಕಿದ್ದು ಬೆಳಗೊಳದಲ್ಲಿ. ಅರಸರು ಸಾಮಂತರಿಗೆ ದಯಪಾಲಿಸುತ್ತಿದ್ದ ಐದು ಮಹಾವಾದ್ಯಗಳಲ್ಲಿ ತಮ್ಮಟವೂ ಒಂದು. ನುಡಿದರೆ ಮರ್ಯಾದೆ ಅದನ್ನು ನುಡಿಸಿಕೊಳ್ಳುವವನಿಗೆ, ಬಡಿಯುವವನಿಗಲ್ಲ. ಅದೇ ಕೈ, ಅದೇ ಚರ್ಮ, ಅದೇ ಬೀದಿ. ಊರಮ್ಮನಿಗಾದರೆ ಶುಭ, ಮಾರಮ್ಮನಿಗಾದರೆ ಗಲಭೆ. ಈ ವ್ಯತ್ಯಾಸ ಹುಟ್ಟುವುದು ನಾದದಿಂದಲ್ಲ. ಅದನ್ನು ಕಿವಿಗೆ ಕಲಿಸಿದ್ದು ಊರಿನ ರೂಢಿ, ರೂಢಿಗೆ ದೇವಿಯ ಹೆಸರನ್ನು ಸೇರಿಸಿದ್ದು ನಂಬಿಕೆ, ನಂಬಿಕೆಗೆ ಸಹಿ ಹಾಕಿಸಿದ್ದು ಕಚೇರಿ. ಸಂವಿಧಾನದ 17ನೆಯ ಅನುಚ್ಛೇದ 1950ರಿಂದಲೇ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಅದನ್ನು ದಂಡಾರ್ಹವಾಗಿಸಿದ ಕಾನೂನು 1955ರಲ್ಲಿ ಬಂದಿತು. ಇಂದು ಅರಸನ ಸ್ಥಾನದಲ್ಲಿ ನಿಂತಿರುವುದು ಆ ಗ್ರಂಥ. ಬುಕ್ಕರಾಯನಾದರೂ ವಾದ್ಯ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ಸ್ಪಷ್ಟವಾಗಿ ಹೇಳಿದ. ನಮ್ಮೂರ ಶಾಂತಿಸಭೆ, ತನ್ನ ಬೆನ್ನಿಗೆ ಅಷ್ಟು ದೊಡ್ಡ ಕಾನೂನನ್ನು ಇಟ್ಟುಕೊಂಡೂ, ವಾದ್ಯವನ್ನೇ ನಿಲ್ಲಿಸಿ ಅದಕ್ಕೆ ಶಾಂತಿಯೆಂದು ಹೆಸರಿಟ್ಟಿತು. ಮುಚ್ಚಳಿಕೆಯನ್ನು ಕೊಟ್ಟವರು ಯಾರು, ಬರೆಯಿಸಿಕೊಂಡವರು ಯಾರು ಎಂದು ನೋಡಿದರೆ, ಮನೆಗೊಂದು ಹಣದ ಲೆಕ್ಕ ಇಲ್ಲಿಯೂ ಇದೆ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಗೆ ಆ ಕಲ್ಲಿನ ಕಥೆಯನ್ನು ಹೇಳಿದೆ. ಕೈಯಲ್ಲಿ ಕೈಯಿಟ್ಟ ಪ್ರಸಂಗ ಅವಳಿಗೆ ಹಿಡಿಸಿತು. ರಾಯ ಅಂದರೆ ಹಾಗಿರಬೇಕು ಎಂದಳು. ಹಣದ ಮಾತು ಬಂದಾಗ ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. "ಅದೆಂಗೆ? ಏಟು ತಿಂದೋರೇ ಕಾಸೂ ಕೊಡ್ಬೇಕಾ?" ಎಂದು ಕೇಳಿದಳು. ನಾನು ಆಗ ನಮ್ಮೂರ ಮುಚ್ಚಳಿಕೆಯ ಮಾತನ್ನು ತೆಗೆದೆ. ಅವಳು ಉತ್ತರ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ, ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದಳು.

ಅವನು ನಮ್ಮ ಕಾಲೇಜಿನಲ್ಲಿಯೇ ಇದ್ದಾನೆ. ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುನ್ನ ಅವನಿಗೆ ಓದಲು ಕೊಟ್ಟೆ. ಅವನ ವಿಷಯವನ್ನು ಅವನ ಒಪ್ಪಿಗೆಯಿಲ್ಲದೆ ಅಚ್ಚುಮಾಡಿಸುವುದು ಸರಿಯಲ್ಲವೆಂದು ತೋರಿತು. ಗ್ರಂಥಾಲಯದ ಮೆಟ್ಟಿಲಿನ ಮೇಲೆ ಕುಳಿತು ಪೂರ್ತಿ ಓದಿದ. ತಮಟೆಯನ್ನು ಎದೆಗೆ ಒತ್ತಿ ಹಿಡಿದಿದ್ದನೆಂದು ನಾನು ಬರೆದಿದ್ದೆ. ಅವನು ನನ್ನ ಲೇಖನಿಯನ್ನೇ ತೆಗೆದುಕೊಂಡು ಎದೆ ಎಂಬುದನ್ನು ಹೊಡೆದುಹಾಕಿ ಸೊಂಟ ಎಂದು ತಿದ್ದಿದ. ಉಳಿದುದೆಲ್ಲ ಇರಲಿ ಎಂದ. ಮುಂದಿನ ಜಾತ್ರೆಗೆ ಮೊದಲು ಶಾಂತಿಸಭೆ ಮತ್ತೆ ಸೇರಲಿದೆಯಂತೆ. ನಾವಿಬ್ಬರೂ ಹೋಗುವುದೆಂದು ಮಾತಾಗಿದೆ.